ಕಾಲ್ಚೆಂಡಾಟದ ಪ್ರೇಕ್ಷಕ

ಕಾಲ್ಚೆಂಡಾಟದ ಮಾತು ಬಂದಾಗ ದೇಶದೇಶಗಳ ಪ್ರೇಕ್ಷಕರ ವಿಚಾರವಾಗಿ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ. ಇಂಗ್ಲಿಷರು ಮಿತಭಾಷಿಗಳು, ಜರ್ಮನರು ಶಿಸ್ತಿನವರು, ಅರ್ಜೆಂಟೀನದವರದು ಬಿಸಿರಕ್ತ, ಬಂಗಾಳಿಗಳು ಭಾವಜೀವಿಗಳು. ಹುಟ್ಟುಗುಣಕ್ಕೆ ತಕ್ಕಂತೆ ಅವರವರು ಆಟ ನೋಡುತ್ತಾರೆ ಎಂದು. ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ಆಟ ನೋಡುವ ನಮಗೆ ಈ ಮಾತು ಒಪ್ಪಿಗೆಯಾಗುವುದೂ ಸಹಜವೆ. ಆದರೆ ವಿಚಾರ ಮಾಡಿ ನೋಡಿದರೆ ಅದು ನಿಲ್ಲುವುದಿಲ್ಲ. ಹುಟ್ಟುಗುಣ ಒಂದು ತಲೆಮಾರಿನಲ್ಲಿ ಬದಲಾಗುವಂಥದಲ್ಲ. ಆಟ ನೋಡುವ ರೀತಿಯಾದರೋ ನಮ್ಮ ಕಣ್ಣೆದುರಿನಲ್ಲೇ ಬದಲಾಗಿದೆ. ಮೈದಾನದೊಳಕ್ಕೆ ಯಾರಿಗೆ ಪ್ರವೇಶ, ಟಿಕೆಟ್ಟಿಗೆ ಎಷ್ಟು ಬೆಲೆ, ನೋಡುವವನು ನಿಲ್ಲಬೇಕೋ ಕೂರಬೇಕೋ, ತಂಡ ಯಾರ ಸೊತ್ತು? ಈ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ನಾಡು ಕೊಟ್ಟುಕೊಂಡ ಉತ್ತರದಲ್ಲಿ ಅದರ ಪ್ರೇಕ್ಷಕನ ರೂಪ ಅಡಗಿದೆ ಎಂದು ನನ್ನ ಅಭಿಪ್ರಾಯ.

ಆಟದ ವಿಚಾರಕ್ಕೆ ಭರತಮುನಿಯನ್ನು ಕರೆತಂದರೆ ಓದುಗರು ಬೇಸರಿಸಬಾರದು. ‘ನಾಟ್ಯಶಾಸ್ತ್ರ’ದಲ್ಲಿ ಅವನು ಪ್ರಯೋಗದ ಸಿದ್ಧಿಯನ್ನು ಎರಡು ಬಗೆಯಾಗಿ ಹೇಳಿದ್ದಾನೆ. ಪ್ರೇಕ್ಷಕರು ನಗುವುದು, ‘ಸಾಧು’ ಎನ್ನುವುದು, ಅಯ್ಯೋ ಎಂದು ಮರುಗುವುದು, ರೋಮಾಂಚಗೊಂಡು ಎದ್ದು ನಿಲ್ಲುವುದು ಇವೆಲ್ಲ ಮಾನುಷೀ ಸಿದ್ಧಿ. ರಂಗ ಕಿಕ್ಕಿರಿದಿದ್ದೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಇರುವುದು ದೈವಿಕೀ ಸಿದ್ಧಿ. ಎರಡರಲ್ಲಿಯೂ ಪ್ರಯೋಗದ ಸಾರ್ಥಕ್ಯ ನಟನೊಬ್ಬನ ಕೈಯಲ್ಲಿಲ್ಲ. ಕಾಲ್ಚೆಂಡಾಟಕ್ಕೂ ಈ ಮಾತು ಸಲ್ಲುತ್ತದೆಯೆಂಬುದು ೨೦೨೦ರಲ್ಲಿ ಚೆನ್ನಾಗಿ ತಿಳಿದುಬಂತು. ಕೋವಿಡ್ ಕಾಲದಲ್ಲಿ ಜರ್ಮನಿ, ಇಂಗ್ಲೆಂಡುಗಳ ಖಾಲಿ ಮೈದಾನಗಳಲ್ಲಿ ಪಂದ್ಯಗಳು ನಡೆದಾಗ, ಟೆಲಿವಿಷನ್ನಿನವರು ಹಿಂದೆ ಮುದ್ರಿಸಿಟ್ಟಿದ್ದ ಜನರ ಗದ್ದಲವನ್ನು ಪ್ರಸಾರಕ್ಕೆ ಬೆರೆಸಬೇಕಾಯಿತು. ಆಟಗಾರರು ಇಪ್ಪತ್ತೆರಡು ಮಂದಿಯೂ ಇದ್ದರು. ಆದರೂ ಆಟ ಅರೆಯಾಗಿ ಕಂಡಿತು.

ಇಂಗ್ಲೆಂಡನ್ನೇ ಮೊದಲು ತೆಗೆದುಕೊಳ್ಳೋಣ. ಅಲ್ಲಿನ ಮೈದಾನಗಳಲ್ಲಿ ಗೋಲಿನ ಹಿಂದಣ ಮೆಟ್ಟಿಲುಗಳ ಮೇಲೆ ಶ್ರಮಜೀವಿಗಳು ಒತ್ತಾಗಿ ನಿಂತು ಹಾಡುತ್ತಿದ್ದರು. ಆ ಜನರನ್ನು ಆಳುವವರು ನಂಬಲಿಲ್ಲ. ಮೆಟ್ಟಿಲುಗಳಿಗೆ ಕಬ್ಬಿಣದ ಬೇಲಿ ಹಾಕಿ ದನದ ದೊಡ್ಡಿಗಳಂತೆ ವಿಂಗಡಿಸಿದರು. ೧೯೮೯ರ ಏಪ್ರಿಲ್ ೧೫ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಅಂಥ ದೊಡ್ಡಿಗಳಲ್ಲಿ ಸಿಕ್ಕಿ ನಜ್ಜುಗುಜ್ಜಾದ ಲಿವರ್‌ಪೂಲ್ ಅಭಿಮಾನಿಗಳಲ್ಲಿ ಒಟ್ಟು ೯೭ ಮಂದಿ ಪ್ರಾಣ ಬಿಟ್ಟರು. ಸತ್ತವರ ಕಡೆಯವರ ಕುಡಿತವೂ ಪುಂಡಾಟವೂ ಇದಕ್ಕೆ ಕಾರಣವೆಂಬ ಅಪವಾದ ಬಹುಕಾಲ ನಡೆಯಿತು. ಅದು ಸುಳ್ಳು, ಪ್ರೇಕ್ಷಕರ ತಪ್ಪೇನೂ ಇರಲಿಲ್ಲ, ಪೊಲೀಸರ ವ್ಯವಸ್ಥೆಯಲ್ಲಿ ಲೋಪವಿತ್ತು ಎಂದು ವಿಚಾರಣಾ ಪಂಚರು ಹೇಳಿದ್ದು ೨೦೧೬ರಲ್ಲಿ, ಇಪ್ಪತ್ತೇಳು ವರ್ಷಗಳ ಮೇಲೆ.

ದುರಂತದ ಬಳಿಕ ನ್ಯಾಯಾಧೀಶ ಟೇಲರ್ ಅವರು ೧೯೯೦ರಲ್ಲಿ ಕೊಟ್ಟ ವರದಿಯಂತೆ ದೊಡ್ಡ ಮೈದಾನಗಳಲ್ಲೆಲ್ಲ ಆಸನಗಳು ಬಂದವು. ಬೇಲಿಗಳು ಹೋದವು, ಜೀವ ಉಳಿಯಿತು. ಇದನ್ನು ಹಗುರವಾಗಿ ಕಾಣಕೂಡದು. ಆದರೆ ಆಸನ ಹಾಕಿದ ಮಾತ್ರಕ್ಕೆ ಬೆಲೆ ಏರಬೇಕಾಗಿಲ್ಲವೆಂದು ಹೇಳಲು ಅದೇ ವರದಿ ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನವನ್ನು ಉದಾಹರಿಸಿತ್ತು. ಅಲ್ಲಿ ನಿಲ್ಲುವುದಕ್ಕೆ ೪ ಪೌಂಡು, ಕೂರುವುದಕ್ಕೆ ೬ ಪೌಂಡು. ಕ್ಲಬ್ಬುಗಳ ಒಡೆಯರು ವರದಿಯ ಆಸನವನ್ನು ತೆಗೆದುಕೊಂಡು ಬೆಲೆಯ ಮಾತನ್ನು ಮರೆತರು. ೨೦೧೬ರ ಫೆಬ್ರವರಿಯಲ್ಲಿ ಲಿವರ್‌ಪೂಲಿನ ಕ್ಲಬ್ಬು ೭೭ ಪೌಂಡಿನ ಟಿಕೆಟ್ಟು ತರುತ್ತೇನೆಂದಾಗ, ಸಂಡರ್‌ಲೆಂಡ್ ತಂಡದೊಡನೆ ನಡೆಯುತ್ತಿದ್ದ ಪಂದ್ಯದ ೭೭ನೆಯ ನಿಮಿಷದಲ್ಲಿ ಸುಮಾರು ಹತ್ತು ಸಾವಿರ ಮಂದಿ ಎದ್ದು ಹೊರಗೆ ನಡೆದರು. ಆಗ ೨–೦ ಮುಂದಿದ್ದ ತಂಡ ಕೊನೆಗೆ ೨–೨ ಮಾಡಿಕೊಂಡಿತು. ಒಡೆಯರು ಕೆಲವೇ ದಿನಗಳಲ್ಲಿ ಬೆಲೆಯನ್ನು ಹಿಂತೆಗೆದರು. ಇಂಗ್ಲಿಷ್ ಮೈದಾನಗಳು ಮೌನವಾದುವೆಂದು ಕೊರಗುವವರು, ಹಾಡುತ್ತಿದ್ದವರ ಮೊಮ್ಮಕ್ಕಳಿಗೆ ಇಂದು ಒಳಗೆ ಬರಲು ಶಕ್ತಿಯಿದೆಯೆ ಎಂದು ಮೊದಲು ಕೇಳಬೇಕು.

ಆಸನವಿಲ್ಲದೆ ಕ್ಷೇಮವಿಲ್ಲವೆ? ಇದ್ದೀತು ಎಂಬುದಕ್ಕೆ ಜರ್ಮನಿ ಸಾಕ್ಷಿ. ಡಾರ್ಟ್‌ಮುಂಡಿನ ದಕ್ಷಿಣದ ಕಟ್ಟೆಯಲ್ಲಿ ಲೀಗ್ ಪಂದ್ಯಗಳಿಗೆ ಸುಮಾರು ೨೫ ಸಾವಿರ ಜನ ನಿಂತೇ ನೋಡುತ್ತಾರೆ. ಬರ್ಲಿನ್ನಿನ ಯೂನಿಯನ್ ತಂಡದ ಮೈದಾನ ಹಳತಾದಾಗ, ೨೦೦೮–೦೯ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಕೂಲಿ ಪಡೆಯದೆ ಗಾರೆ ಕಲಸಿ, ಮೆಟ್ಟಿಲು ಕಟ್ಟಿ ಅದನ್ನು ಎತ್ತಿನಿಲ್ಲಿಸಿದರು. ತನ್ನ ಕೈಯಿಂದ ಕಟ್ಟಿದ ಮೆಟ್ಟಿಲಿನ ಮೇಲೆ ನಿಂತವನನ್ನು ಗಿರಾಕಿ ಎನ್ನುವುದು ಹೇಗೆ? ಇದರ ಹಿಂದೆ ಒಂದು ಕಟ್ಟಳೆ ಇದೆ. ಕೆಲವು ಕ್ಲಬ್ಬುಗಳನ್ನು ಬಿಟ್ಟರೆ, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂದು ೧೯೯೮ರಲ್ಲಿ ಗೊತ್ತುಮಾಡಿದ್ದು.

ಮಾತು ನಡೆಯುವ ಕಡೆ ಮೌನಕ್ಕೂ ಬೆಲೆ ಬರುತ್ತದೆ. ೨೦೧೨ರ ಡಿಸೆಂಬರಿನಲ್ಲಿ ರಕ್ಷಣೆಯ ಹೆಸರಿನಲ್ಲಿ ಬಿಗಿ ನಿಯಮಗಳು ಬರುವಂತಾದಾಗ, ಜರ್ಮನಿಯ ಮೈದಾನಗಳಲ್ಲಿ ಜನ ೧೨ ನಿಮಿಷ ೧೨ ಸೆಕೆಂಡು ಬಾಯಿ ಬಿಡದೆ ನಿಂತರು. ರಂಗ ತುಂಬಿತ್ತು, ಸದ್ದಿರಲಿಲ್ಲ. ಆದರೆ ಅದನ್ನು ಭರತ ಹೇಳಿದ ದೈವಿಕೀ ಸಿದ್ಧಿಯೆಂದು ಯಾರೂ ಭ್ರಮಿಸಲಿಲ್ಲ. ೨೦೨೪ರಲ್ಲಿ ಲೀಗಿನ ಪ್ರಸಾರದ ಆದಾಯದಲ್ಲಿ ಹೊರಗಿನ ಬಂಡವಾಳಗಾರರಿಗೆ ಪಾಲು ಕೊಡುವ ಯೋಜನೆ ಬಂದಾಗ ಟೆನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಪಂದ್ಯಗಳನ್ನು ತಡೆದರು. ಫೆಬ್ರವರಿಯಲ್ಲಿ ಆ ಯೋಜನೆ ಕೈಬಿಟ್ಟಿತು. ಜರ್ಮನರು ಸಾಧುಗಳೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಹೊಡೆದಾಟವುಂಟು, ಸುಡುಮದ್ದುಂಟು. ಆದರೂ ಬೇಲಿಗೆ ಬದಲಾಗಿ ಪಾಲು ಕೊಟ್ಟರೆ ಗುಂಪು ಸಭೆಯಾಗಬಲ್ಲುದು.

ಪ್ರವೇಶದ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಅರ್ಜೆಂಟೀನದಲ್ಲಿ ೨೦೧೩ರಲ್ಲಿ ಪೊಲೀಸರ ರಬ್ಬರ್ ಗುಂಡಿಗೆ ಅಭಿಮಾನಿಯೊಬ್ಬ ಬಲಿಯಾದ ಮೇಲೆ, ಎದುರು ತಂಡದವರಿಗೆ ವರ್ಷಗಟ್ಟಲೆ ಮೈದಾನದ ಬಾಗಿಲು ಮುಚ್ಚಿತು. ಪ್ರಶ್ನೆಗೆ ಉತ್ತರ ಹೇಳುವವನಿಲ್ಲದ ಸಂವಾದದಂತೆ ಅರ್ಧ ರಂಗದಲ್ಲಿ ಆಟ ನಡೆಯಿತು. ೨೦೧೮ರಲ್ಲಿ ಬೋಕಾ ತಂಡದ ಬಸ್ಸಿನ ಮೇಲೆ ದಾಳಿ ನಡೆದು, ರಿವರ್–ಬೋಕಾ ತಂಡಗಳ ಲಿಬರ್ಟಡೋರೆಸ್ ಕಪ್ಪಿನ ಅಂತಿಮ ಪಂದ್ಯವನ್ನು ಸಾಗರದಾಚೆಯ ಮ್ಯಾಡ್ರಿಡ್ಡಿನಲ್ಲಿ ಆಡಿಸಬೇಕಾಯಿತು. ಇರಾನಿನಲ್ಲಿ ೧೯೭೯ರ ಕ್ರಾಂತಿಯ ಬಳಿಕ ಹೆಂಗಸರನ್ನೇ ಹೊರಗಿಟ್ಟರು. ಜಾಫರ್ ಪನಾಹಿಯವರ ‘ಆಫ್‌ಸೈಡ್’ (೨೦೦೬) ಚಲನಚಿತ್ರದಲ್ಲಿ ಗಂಡುವೇಷ ಹಾಕಿ ಸಿಕ್ಕಿಬಿದ್ದ ಹುಡುಗಿಯರು ಬೇಲಿಯೊಳಗೆ ನಿಂತು, ಗೋಡೆಯಾಚೆಯ ಆರ್ಭಟವನ್ನು ಕೇಳುತ್ತ, ಕಾವಲಿನ ಸೈನಿಕನ ಬಾಯಿಂದ ಆಟ ತಿಳಿದುಕೊಳ್ಳುತ್ತಾರೆ. ನಗಿಸುವ ಚಿತ್ರವೇ ಸರಿ. ಆದರೆ ೨೦೧೯ರಲ್ಲಿ, ಹೀಗೆಯೇ ಒಳಗೆ ನುಗ್ಗಲು ಹೋಗಿ ಬಂಧಿತಳಾಗಿದ್ದ ತರುಣಿಯೊಬ್ಬಳು ನ್ಯಾಯಾಲಯದ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. ಮರುತಿಂಗಳು ತೆಹರಾನಿನ ಆಜಾದಿ ಮೈದಾನದಲ್ಲಿ ಕಾಂಬೋಡಿಯದೊಡನೆ ನಡೆದ ಪಂದ್ಯಕ್ಕೆ ಕೆಲವು ಸಾವಿರ ಹೆಂಗಸರನ್ನು ಬೇರೆ ಭಾಗದಲ್ಲಿ ಕೂರಿಸಿದರು. ಇರಾನ್ ೧೪–೦ ಗೆದ್ದಿತು. ಆಟದ ದೃಷ್ಟಿಯಿಂದ ನೀರಸವಾದ ಪಂದ್ಯ. ನೋಡಿದವರ ದೃಷ್ಟಿಯಿಂದ ಅದಕ್ಕೆ ಸಮನಾದುದು ಎಷ್ಟಿವೆ?

ನಮ್ಮ ದೇಶದ ಕಲ್ಕತ್ತೆಯಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎಂದರೆ ಸೀಗಡಿಯ ಮನೆ, ಇಲಿಶ್ ಮೀನಿನ ಮನೆ; ಒಂದು ಪಶ್ಚಿಮದ ಮೂಲನಿವಾಸಿಗಳದು, ಇನ್ನೊಂದು ಪೂರ್ವ ಬಂಗಾಳದಿಂದ ಬಂದವರದು. ೧೯೮೦ರ ಆಗಸ್ಟ್ ೧೬ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ತಂಡಗಳ ಪಂದ್ಯದ ವೇಳೆ ಗಲಭೆಯಾಗಿ ೧೬ ಮಂದಿ ಸತ್ತರು. ಬಂಗಾಳಿಗಳ ಭಾವುಕತೆ ಎಂದು ಆಗ ಹೇಳಿದವರು ೨೦೨೪ರ ಆಗಸ್ಟ್ ೧೮ನ್ನೂ ನೆನೆಯಬೇಕು. ವೈದ್ಯೆಯೊಬ್ಬಳ ಅತ್ಯಾಚಾರ ಮತ್ತು ಕೊಲೆಗೆ ನ್ಯಾಯ ಕೇಳಿ ನಗರ ಎದ್ದಿದ್ದ ಸಮಯ. ಅಂದಿನ ಪಂದ್ಯ ರದ್ದಾಯಿತು. ಎರಡು ತಂಡಗಳ ಅಭಿಮಾನಿಗಳೂ ತಮ್ಮತಮ್ಮ ಬಣ್ಣದ ಅಂಗಿ ತೊಟ್ಟು ಸಾಲ್ಟ್ ಲೇಕ್ ಮೈದಾನದ ಹೊರಗೆ ಒಂದೇ ದನಿಯಲ್ಲಿ ಕೂಗಿದರು. ಎರಡು ದಿನಗಳಲ್ಲಿಯೂ ಜನ ಬಂಗಾಳಿಗಳೇ, ತಂಡಗಳೂ ಅವೇ.

ಆದಕಾರಣ ಪ್ರೇಕ್ಷಕನನ್ನು ಅವನ ನಾಡಿನ ಹೆಸರಿನಿಂದ ತೂಗುವುದು ವಿಮರ್ಶೆಯಾಗಲಾರದು. ಬೇಲಿ ಹಾಕಿದಲ್ಲಿ ಅವನು ಸತ್ತಿದ್ದಾನೆ, ಬೆಲೆ ಏರಿಸಿದಲ್ಲಿ ಎದ್ದು ಹೋಗಿದ್ದಾನೆ, ಪಾಲು ಕೊಟ್ಟಲ್ಲಿ ಗಾರೆ ಹೊತ್ತಿದ್ದಾನೆ. ಇಂಗ್ಲೆಂಡು ಕೂಡ ೨೦೨೨ರಿಂದ, ಹಿಡಿಕಂಬಿಗಳುಳ್ಳ ಜಾಗಗಳಲ್ಲಿ ಜನ ನಿಂತು ನೋಡಲು ಮತ್ತೆ ಅನುಮತಿ ಕೊಟ್ಟಿದೆ. ನಂಬಿಕೆಯನ್ನು ಹಿಂದಕ್ಕೆ ಪಡೆಯಲು ಮೂವತ್ತು ವರ್ಷ ಬೇಕಾಯಿತು. ನಮ್ಮ ಊರುಗಳಲ್ಲಿ ಹೊಸ ಕ್ರೀಡಾಂಗಣ ಕಟ್ಟಲು ಹೊರಟವರು ಆಸನಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಬಾಗಿಲುಗಳು ಎಷ್ಟು, ಅಗಲವೆಷ್ಟು, ಒಳಗೆ ಬರಲು ಬೆಲೆ ಏನು ಎಂಬುದನ್ನೂ ಅವರ ಬಾಯಿಂದ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.