ಪರದೆಯಿಲ್ಲದ ಪೆಟ್ಟಿಗೆಗೆ ಯಾರ ದನಿ?

ಮೂರು ವರ್ಷದ ಮಗು ತನಗೆ ಬೇಕಾದ ಕಥೆಯನ್ನು ತಾನೇ ಆರಿಸಿ, ತಾನೇ ಹಚ್ಚಿ, ಸಾಕೆನಿಸಿದಾಗ ತಾನೇ ನಿಲ್ಲಿಸಬೇಕು. ಅದಕ್ಕಾಗಿ ಅಮ್ಮನ ಫೋನು ಮುಟ್ಟುವ ಪ್ರಸಂಗ ಬರಬಾರದು. ಪರದೆಯಿಲ್ಲದ ಆಡಿಯೋ ಪ್ಲೇಯರ್‌ಗಳ ಹಿಂದಿರುವುದು ಇಷ್ಟೇ ಸರಳವಾದ ಬಯಕೆ. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಪಾಟ್ರಿಕ್ ಫಾಸ್‌ಬೆಂಡರ್ ಎಂಬವರು ತಮ್ಮ ಹೆಣ್ಣುಮಕ್ಕಳ ಕಥೆಯ ಸಿಡಿಗಳು ಗೀರುಬಿದ್ದು ಹಾಳಾಗುವುದನ್ನು ನೋಡಿ ಬೇರೆ ದಾರಿ ಹುಡುಕಿದರು. ಮಾರ್ಕುಸ್ ಸ್ಟಾಲ್ ಅವರೊಡನೆ ಸೇರಿ 2016ರಲ್ಲಿ ಟೋನಿಬಾಕ್ಸ್ ಅನ್ನು ಮಾರುಕಟ್ಟೆಗೆ ತಂದರು. ಲಂಡನ್ನಿನಲ್ಲಿ ಬೆನ್ ಡ್ರೂರಿ ಮತ್ತು ಫಿಲಿಪ್ ಡೆಂಕರ್ ಯೋಟೋ ಪ್ಲೇಯರ್ ಕಟ್ಟಿದರು. ಪುಟ್ಟ ಮಕ್ಕಳಿಗೆ ಇಂಥದ್ದೊಂದನ್ನು ಆರಿಸುವಾಗ ಹೆಚ್ಚಿನ ಪಾಲಕರ ಮುಂದೆ ನಿಲ್ಲುವುದು ಈ ಎರಡೇ.

ಟೋನಿಬಾಕ್ಸ್ ಅನ್ನು ಮೊದಲು ಮನಸಾರೆ ಹೊಗಳಬೇಕು. ಬಟ್ಟೆ ಹೊದಿಸಿದ ಮೆತ್ತನೆಯ ಘನಾಕೃತಿ, ಮೇಲೆ ಎರಡು ಕಿವಿ. ದೊಡ್ಡ ಕಿವಿ ಹಿಂಡಿದರೆ ಸದ್ದು ಏರುತ್ತದೆ, ಚಿಕ್ಕದನ್ನು ಹಿಂಡಿದರೆ ಇಳಿಯುತ್ತದೆ. ಪಕ್ಕಕ್ಕೊಂದು ಪೆಟ್ಟು ಕೊಟ್ಟರೆ ಮುಂದಿನ ಅಧ್ಯಾಯ. ತಲೆಯ ಮೇಲೆ ಪುಟ್ಟ ಬೊಂಬೆಯನ್ನಿಟ್ಟರೆ ಕಥೆ ಶುರು, ಎತ್ತಿದರೆ ನಿಲ್ಲುತ್ತದೆ. ಓದು ಬಾರದ, ಬೆರಳಿನ ಹಿಡಿತ ಇನ್ನೂ ಕುದುರದ ಮಗುವಿನ ಕೈಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಯಂತ್ರವನ್ನು ನಾನು ಕಂಡಿಲ್ಲ. ಎರಡೂವರೆ ವರ್ಷದ ಕೂಸು ಯಾರ ಸಹಾಯವೂ ಇಲ್ಲದೆ ಅದನ್ನು ನಡೆಸುತ್ತದೆ. ಬೀಳಿಸಿದರೂ ಬೆಲೆ ತೆರಬೇಕಾಗಿ ಬರುವುದು ಕಡಿಮೆ.

ಆದರೆ ಅದರ ತೊಡಕೂ ಅದೇ ಬೊಂಬೆಯಲ್ಲಿದೆ. ಪ್ರತಿ ಕಥೆಗೊಂದು ಬೊಂಬೆ, ಬೊಂಬೆಯೊಂದಕ್ಕೆ ಹದಿನೈದು ಯೂರೋ ಆಸುಪಾಸು. ಶೆಲ್ಫಿನ ಮೇಲೆ ಸಾಲಾಗಿ ನಿಲ್ಲುವ ಆ ಮುದ್ದು ಆಕೃತಿಗಳು ಮಗುವಿಗೆ ಕಥೆಯಷ್ಟೇ ಸಂಗ್ರಹದ ಹಂಬಲವನ್ನೂ ಹಚ್ಚುತ್ತವೆ. ಅವುಗಳಲ್ಲಿ ಬಹಳಷ್ಟು ಡಿಸ್ನಿ ಚಿತ್ರಗಳಿಂದ, ಟೀವಿ ಕಾರ್ಟೂನುಗಳಿಂದ ಬಂದವು. ಬಾಗಿಲಲ್ಲಿ ತಡೆದ ಪರದೆ ಕಿಟಕಿಯಿಂದ ಒಳಗೆ ಬಂದಂತಾಯಿತು. ಕಿವಿಗೆಂದೇ ಹುಟ್ಟಿದ ಕಥೆಗೂ ಸಿನಿಮಾದ ಸದ್ದನ್ನು ಕತ್ತರಿಸಿ ಹೊಲಿದ ಕಥೆಗೂ ಇರುವ ಅಂತರ ಮಗುವಿಗೆ ತಿಳಿಯಲಿಕ್ಕಿಲ್ಲ, ಪಾಲಕರಿಗೆ ತಿಳಿದಿರಲೇಬೇಕು.

ಯೋಟೋ ಬೊಂಬೆಯ ಬದಲು ಕಾರ್ಡು ಬಳಸುತ್ತದೆ. ಎರಡು ಗುಂಡಿಗಳನ್ನು ತಿರುಗಿಸಿ ಸದ್ದನ್ನೂ ಅಧ್ಯಾಯವನ್ನೂ ಬದಲಿಸಬಹುದು. ಮುಖದ ಮೇಲೆ ಚುಕ್ಕಿಗಳಲ್ಲಿ ಪುಟ್ಟ ಚಿತ್ರ ಮೂಡಿಸುವ ಫಲಕವಿದೆ, ಹಾಗಾಗಿ ಪರದೆಯೇ ಇಲ್ಲವೆನ್ನುವಂತಿಲ್ಲ. ವಿಡಿಯೋ ಅಂತೂ ಇಲ್ಲ. ಕ್ಯಾಮೆರಾ, ಮೈಕ್ರೋಫೋನು, ಜಾಹೀರಾತು ಯಾವುದೂ ಇಲ್ಲ. ಎರಡು ವರ್ಷದ ಮಗುವಿಗೆ ಕಾರ್ಡನ್ನು ಸೀಳಿನಲ್ಲಿ ತೂರಿಸುವುದು ತುಸು ಕಷ್ಟ, ನಾಲ್ಕರ ನಂತರ ಏನೂ ತೊಂದರೆಯಿಲ್ಲ. ಜೇಬಿಗೆ ಹೋಗುವಷ್ಟು ಚಿಕ್ಕದಾದ ಯೋಟೋ ಮಿನಿಯನ್ನು, ಬ್ಯಾಟರಿ ಕಾದು ಬೆಂಕಿ ಹೊತ್ತುವ ಅಪಾಯವಿದೆಯೆಂದು 2024ರಲ್ಲಿ ಅಮೆರಿಕದಲ್ಲಿ ರೀಕಾಲ್ ಮಾಡಲಾಯಿತು. ಬಳಸಿದ್ದನ್ನು ಅಗ್ಗಕ್ಕೆ ಕೊಳ್ಳುವವರು, ಬಂಧುಗಳ ಮನೆಯಿಂದ ಪಡೆಯುವವರು ಅದು ಯಾವ ಅವಧಿಯಲ್ಲಿ ಮಾರಾಟವಾದದ್ದು, ಕಂಪನಿ ಸೂಚಿಸಿದ ದುರಸ್ತಿ ಆಗಿದೆಯೇ ಎಂದು ನೋಡದೆ ಮಗುವಿನ ಹಾಸಿಗೆಯ ಬಳಿ ಇಡಬಾರದು.

ಕೊಳ್ಳುವ ಮುನ್ನ ಅರಿತಿರಬೇಕಾದ ಇನ್ನೊಂದು ಸಂಗತಿ: ಬೊಂಬೆಯ ಹೊಟ್ಟೆಯಲ್ಲಿ ಕಥೆಯಿಲ್ಲ, ಕಾರ್ಡಿನಲ್ಲೂ ಇಲ್ಲ. ಅಲ್ಲಿರುವುದು ಗುರುತಿನ ಸಂಖ್ಯೆ ಹೊತ್ತ ಚಿಪ್ ಮಾತ್ರ. ಮೊದಲ ಸಲ ಅದನ್ನಿಟ್ಟಾಗ ಪೆಟ್ಟಿಗೆ ವೈಫೈ ಮೂಲಕ ಕಂಪನಿಯ ಸರ್ವರ್‌ನಿಂದ ಕಥೆಯನ್ನು ಇಳಿಸಿಕೊಳ್ಳುತ್ತದೆ, ಆಮೇಲೆ ಇಂಟರ್‌ನೆಟ್ ಇಲ್ಲದೆಯೂ ನುಡಿಸುತ್ತದೆ. ದಿನನಿತ್ಯ ಇದರಿಂದ ತೊಂದರೆಯಿಲ್ಲ. ಕಂಪನಿಯೇ ಇಲ್ಲವಾದರೆ? 2024ರ ಡಿಸೆಂಬರಿನಲ್ಲಿ ಅಮೆರಿಕದ ಎಂಬಾಡೀಡ್ ಕಂಪನಿ ಬಾಗಿಲು ಹಾಕುವುದಾಗಿ ಹೇಳಿದಾಗ, ಅದರ ಸರ್ವರ್‌ಗಳನ್ನೇ ನಂಬಿದ್ದ ಮಾಕ್ಸಿ ಎಂಬ ಮಕ್ಕಳ ರೋಬೋ ಮೌನವಾಗಲಿದೆ ಎಂದು ತಂದೆತಾಯಂದಿರು ಮಕ್ಕಳಿಗೆ ತಿಳಿಹೇಳಬೇಕಾಯಿತು. ಕಥೆಪೆಟ್ಟಿಗೆಗಳ ಸ್ಥಿತಿ ಅಷ್ಟು ನಾಜೂಕಲ್ಲ, ಆದರೆ ಹಣ ಕೊಟ್ಟು ಕೊಂಡ ಕಥೆಯ ಮೂಲಪ್ರತಿ ನಮ್ಮ ಮನೆಯಲ್ಲಿಲ್ಲ ಎಂಬುದು ಇಲ್ಲೂ ನಿಜ.

ಪರದೆ ಇಲ್ಲವೆಂಬ ಒಂದೇ ಕಾರಣಕ್ಕೆ ಸ್ಮಾರ್ಟ್ ಸ್ಪೀಕರನ್ನು ಮಗುವಿನ ಕೋಣೆಯಲ್ಲಿಡುವವರಿಗೆ ಒಂದು ಮಾತು. ಅದು ನುಡಿಸುವುದರ ಜೊತೆಗೆ ಕೇಳಿಸಿಕೊಳ್ಳುತ್ತದೆ. ಅಲೆಕ್ಸಾ ಮಕ್ಕಳ ದನಿಮುದ್ರಣಗಳನ್ನು ಅಳಿಸದೆ ಉಳಿಸಿಕೊಂಡಿತೆಂಬ ಆರೋಪದ ಮೇಲೆ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಮೈಕ್ರೋಫೋನು ಬಚ್ಚಿಟ್ಟುಕೊಂಡಿದ್ದ ಕೈಲಾ ಎಂಬ ಮಾತಾಡುವ ಗೊಂಬೆಯನ್ನು ಜರ್ಮನಿ 2017ರಲ್ಲೇ ನಿಷೇಧಿಸಿತ್ತು. ಪುಟ್ಟ ಮಕ್ಕಳಿಗೆ ಸ್ಮಾರ್ಟ್ ಸ್ಪೀಕರ್ ಬೇಡವೇ ಬೇಡ ಎಂಬುದು ನನ್ನ ನಿಲುವು.

ಇನ್ನು ನುಡಿಯ ಪ್ರಶ್ನೆ. ಇದಕ್ಕಾಗಿಯೇ ನಾನು ಇಷ್ಟು ಬರೆಯುತ್ತಿರುವುದು. ಹೊರನಾಡಿನ ಎಷ್ಟೋ ಕನ್ನಡ ಪಾಲಕರು ಈ ಪೆಟ್ಟಿಗೆಯಿಂದ ಮಗುವಿಗೆ ಕನ್ನಡ ಬಂದೀತೆಂದು ಆಸೆಪಡುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಅವರೆಲ್ಲ ತಿಳಿಯಬೇಕಾದದ್ದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಕಲಿತವು. ಅದೇ ಮಾತು ಟೀವಿಯಿಂದ ಬಂದಾಗಲೂ, ಬರೀ ಧ್ವನಿಮುದ್ರಣದಿಂದ ಬಂದಾಗಲೂ ಕಲಿಕೆ ಕಾಣಲಿಲ್ಲ. ಅಂದರೆ ಎಳೆಗೂಸಿನ ವಿಷಯದಲ್ಲಿ ಪರದೆಗೆ ಎಷ್ಟು ಮಿತಿಯೋ ಪೆಟ್ಟಿಗೆಗೂ ಅಷ್ಟೇ ಮಿತಿ. ಎರಡು ವರ್ಷದೊಳಗಿನ ಮಗುವಿಗೆ ಇದನ್ನು ಕೊಳ್ಳುವ ಅಗತ್ಯವೇ ಇಲ್ಲ. ಆ ವಯಸ್ಸಿಗೆ ಮಡಿಲೂ ಮುಖವೂ ಇರುವ ಮಾತು ಬೇಕು.

ಮೂರು ದಾಟಿದ ಮೇಲೆ ಲೆಕ್ಕ ಬೇರೆಯಾಗುತ್ತದೆ. ಆಗ ಮಗು ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಬಯಸುತ್ತದೆ, ಆ ಬಯಕೆಗೆ ಅರ್ಥವಿದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ಅದೇ ಕಥೆಯನ್ನು ಪದೇ ಪದೇ ಕೇಳಿದ ಮೂರು ವರ್ಷದ ಮಕ್ಕಳು, ಬೇರೆ ಬೇರೆ ಕಥೆಗಳಲ್ಲಿ ಅವೇ ಹೊಸ ಪದಗಳನ್ನು ಕೇಳಿದ ಮಕ್ಕಳಿಗಿಂತ ಆ ಪದಗಳನ್ನು ಚೆನ್ನಾಗಿ ಕಲಿತರು. ಆ ಅಧ್ಯಯನದಲ್ಲಿ ಓದಿ ಹೇಳಿದವರು ಮನುಷ್ಯರೇ. ಆದರೂ ದಣಿಯದೆ ಮರಳಿ ಮರಳಿ ಹೇಳುವ ಶಕ್ತಿ ಪೆಟ್ಟಿಗೆಗಿದೆ. ಮನೆಮಂದಿ ಮಾತಿನಲ್ಲಿ ಕೊಟ್ಟ ಕನ್ನಡವನ್ನು ಅದು ಉಳಿಸಿಕೊಟ್ಟೀತು, ಬೆಳೆಸಲೂ ನೆರವಾದೀತು. ಇಲ್ಲದ ಕನ್ನಡವನ್ನು ತಂದುಕೊಡಲಾರದು.

ಇಲ್ಲಿಂದಲೇ ನನ್ನ ಆಯ್ಕೆಯ ಅಳತೆಗೋಲು ಸಿಕ್ಕಿತು: ಮನೆಯ ದನಿಗೆ ಈ ಪೆಟ್ಟಿಗೆಯಲ್ಲಿ ಎಷ್ಟು ಜಾಗವಿದೆ? ಟೋನಿಬಾಕ್ಸ್‌ನ ಭಂಡಾರ ಮುಖ್ಯವಾಗಿ ಜರ್ಮನ್, ಇಂಗ್ಲಿಷ್, ಫ್ರೆಂಚ್ ಭಾಷೆಗಳದ್ದು, ಯೋಟೋದ್ದು ಬಹುಪಾಲು ಇಂಗ್ಲಿಷ್. ಕನ್ನಡ ಬೇಕೆಂದರೆ ನಾವೇ ತುಂಬಬೇಕು. ಟೋನಿಬಾಕ್ಸ್‌ನಲ್ಲಿ ಅದಕ್ಕಾಗಿ ಕ್ರಿಯೇಟಿವ್ ಟೋನಿ ಎಂಬ ಬೊಂಬೆ ಕೊಳ್ಳಬೇಕು. ಒಂದರಲ್ಲಿ 90 ನಿಮಿಷ ಹಿಡಿಯುತ್ತದೆ. ಯೋಟೋದ ಖಾಲಿ ಕಾರ್ಡುಗಳು ಬೊಂಬೆಗಿಂತ ಅಗ್ಗ, ಒಂದೊಂದರಲ್ಲೂ ಹೆಚ್ಚು ಹೊತ್ತಿನ ಧ್ವನಿ ಹಿಡಿಯುತ್ತದೆ, ಬೇಕೆಂದಾಗ ಬದಲಿಸಬಹುದು, ಮೇಲೆ ಮಗುವೇ ಚಿತ್ರ ಅಂಟಿಸಬಹುದು. ಹೊರನಾಡಿನ ಕನ್ನಡ ಮನೆಗೆ, ಮಗು ಮೂರು ದಾಟಿದ್ದರೆ, ನಾನು ಯೋಟೋವನ್ನೇ ಹೇಳುತ್ತೇನೆ.

ಕರ್ನಾಟಕದೊಳಗಿನ ಮನೆಗೆ ಎರಡನ್ನೂ ಹೇಳಲಾರೆ. ವಿದೇಶದಿಂದ ತರಿಸಿದ ದುಬಾರಿ ಪೆಟ್ಟಿಗೆ ಕೆಟ್ಟರೆ ಇಲ್ಲಿ ಸರಿಮಾಡಿಸುವುದು ಕಷ್ಟ. ನಮ್ಮಲ್ಲೇ ಸಿಗುವ ಸಾರೇಗಮದ ಕಾರವಾನ್ ಮಿನಿ ಕಿಡ್ಸ್ ಗಟ್ಟಿಯಾಗಿದೆ, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಮೊದಲೇ ತುಂಬಿಸಿಟ್ಟ ಹಾಡುಕಥೆಗಳು ಹಿಂದಿ, ಇಂಗ್ಲಿಷಿನವು. ಗಟ್ಟಿ ಗುಂಡಿಗಳಿರುವ, ಮೆಮೊರಿ ಕಾರ್ಡು ತೆಗೆದುಕೊಳ್ಳುವ ಸಾದಾ ಸ್ಪೀಕರೇ ಹೆಚ್ಚಿನವರಿಗೆ ಸಾಕು. ಕೈಚಳಕ ಇರುವವರಿಗೆ ಇನ್ನೊಂದು ಸೊಗಸಾದ ದಾರಿಯಿದೆ. ಜರ್ಮನಿಯ ಹವ್ಯಾಸಿಗಳು ರೂಪಿಸಿ ಮುಕ್ತವಾಗಿ ಹಂಚಿದ ಟೋನುಯಿನೋ ಎಂಬ ವಿನ್ಯಾಸಕ್ಕೆ ಆರ್ಡುಯಿನೋ ನ್ಯಾನೋ, ಪುಟ್ಟ ಎಂಪಿ3 ಮಾಡ್ಯೂಲ್, ಆರ್‌ಎಫ್‌ಐಡಿ ರೀಡರ್, ಒಂದು ಸ್ಪೀಕರ್ ಇದ್ದರಾಯಿತು. ಇಂಥ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹೆಸರುವಾಸಿ. ಕಥೆಗಳು ಮೆಮೊರಿ ಕಾರ್ಡಿನಲ್ಲೇ ಇರುವುದರಿಂದ ಸರ್ವರ್ ಬೇಡ, ಖಾತೆ ಬೇಡ. ಬೆಸುಗೆ ಹಾಕಲು ಬರುವ ಚಿಕ್ಕಪ್ಪನೋ ಸೋದರತ್ತೆಯೋ ಮನೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಉಡುಗೊರೆಯಿಲ್ಲ. ಬ್ಯಾಟರಿ ಮಾತ್ರ ಮಗುವಿನ ಕೈಗೆ ಸಿಗದಂತೆ ಸ್ಕ್ರೂ ಹಾಕಿ ಭದ್ರಪಡಿಸಬೇಕು. ಗುಂಡಿ ಬ್ಯಾಟರಿ ನುಂಗಿದರೆ ಜೀವಕ್ಕೇ ಸಂಚಕಾರ. ಅಂಗಡಿಯಲ್ಲಿ ಆಟಿಕೆಯೆಂದು ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ, 2021ರಿಂದ ಅದು ಕಡ್ಡಾಯ. ಮಕ್ಕಳ ಕಿವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್. ಸದ್ದಿನ ಗರಿಷ್ಠ ಮಟ್ಟವನ್ನು ಕಟ್ಟಿಹಾಕಲಾಗದ ಯಂತ್ರವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ತುಂಬುವುದೇನನ್ನು? ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳ ಬಾಯಿಗೂ ಕಿವಿಗೂ ಎಂದೇ ಬರೆದರು. ಅವರ ಪದ್ಯಗಳನ್ನು ವಾದ್ಯಗಳ ಅಬ್ಬರವಿಲ್ಲದೆ ಮನೆಯವರೇ ಹಾಡಿ ಮುದ್ರಿಸಿಕೊಳ್ಳಬಹುದು. ಐದು ವರ್ಷದ ಮಗುವಿಗೆ ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ಚಿತ್ರವಿಲ್ಲದೆಯೂ ಕಣ್ಣಿಗೆ ಕಟ್ಟುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಓದಿ ಮುದ್ರಿಸಲು ಯಾರ ಅಪ್ಪಣೆಯೂ ಬೇಡ. ಎಲ್ಲಕ್ಕಿಂತ ಮಿಗಿಲಾದದ್ದು ಅಜ್ಜ ಅಜ್ಜಿಯರ ಕಥೆ, ಅವರದೇ ಊರಿನ ಕನ್ನಡದಲ್ಲಿ. ಧಾರವಾಡದ್ದಾದರೆ ಧಾರವಾಡದ್ದು, ಕುಂದಾಪುರದ್ದಾದರೆ ಕುಂದಾಪುರದ್ದು. ದಯವಿಟ್ಟು ಅದನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ. ಹಾಳೆ ಹಿಡಿದು ಓದಿಸಬೇಡಿ, ಹೇಳಿಸಿ. ಸಾಧ್ಯವಾದರೆ ಮಗುವನ್ನೇ ಎದುರು ಕೂರಿಸಿ, ಅದರ ಪ್ರಶ್ನೆಗಳೂ ಮುದ್ರಣದಲ್ಲಿ ಉಳಿಯಲಿ.

ಆದ್ದರಿಂದ ಕೊಳ್ಳುವ ಕ್ರಮವನ್ನು ತಿರುಗಿಸಿ. ಈ ವಾರ ಫೋನಿನಲ್ಲೇ ಮನೆಯ ಹಿರಿಯರ ನಾಲ್ಕು ಕಥೆ ಮುದ್ರಿಸಿ, ಎರಡು ಕಡೆ ಪ್ರತಿ ಮಾಡಿಟ್ಟುಕೊಳ್ಳಿ. ಪೆಟ್ಟಿಗೆಯನ್ನು ಆಮೇಲೆ ಆರಿಸೋಣ.