ಯಮುನೆಯಾಚೆಯ ರಾಜದೂತ್

ನೋಯ್ಡಾದಿಂದ ಯಮುನೆ ದಾಟಿದರೆ ಫರೀದಾಬಾದ್. ಯಮಹಾ ಆರ್‌ಡಿ 350 ಬೈಕನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ‘ರಾಜದೂತ್ 350’ ಎಂದು ತಯಾರಿಸಿದ್ದು ಅಲ್ಲೇ. 347 ಸಿಸಿ, ಜೋಡಿ ಸಿಲಿಂಡರಿನ ಟೂ-ಸ್ಟ್ರೋಕ್, ಆರು ಗೇರು. ಮೈಲೇಜ್ ಕೇಳುವ ಜನರ ನಡುವೆ ಮಾರಾಟ ಕುಂಟಿತು. ರಸ್ತೆಗಿಳಿದರೆ ಮಾತ್ರ ಹುಚ್ಚುಕುದುರೆ.

ಇದನ್ನು ಮತ್ತೆ ಕಟ್ಟುವ ಮೆಕ್ಯಾನಿಕ್‌ನ ಕೈಚಳಕ ಕಾಣುವುದು ಪೇಂಟಿನಲ್ಲಲ್ಲ, ಕ್ರ್ಯಾಂಕ್‌ನಲ್ಲಿ. ಅದರ ಸೀಲ್ ಸವೆದರೆ ಗಾಳಿ ನುಸುಳಿ, ಪೆಟ್ರೋಲಿನ ಪಾಲು ತಗ್ಗಿ, ಪಿಸ್ಟನ್ ಕಾದು ಜಾಮ್ ಆಗುತ್ತದೆ. ಆಮೇಲೆ ಮಾರ್ಪಾಡು: ಕಿಡಿ ಹೊತ್ತಿಸಲು ಪಾಯಿಂಟ್ಸ್ ಬದಲು ಎಲೆಕ್ಟ್ರಾನಿಕ್ ಸಿಡಿಐ, ಮುಂಚಕ್ರಕ್ಕೆ ಡ್ರಮ್ ಬದಲು ಡಿಸ್ಕ್ ಬ್ರೇಕ್. ಜಪಾನಿನ ಮೂಲ ಗಾಡಿಗೆ ಡಿಸ್ಕೇ ಇತ್ತು. ಹಾಗಾಗಿ ಡಿಸ್ಕ್ ಹಾಕುವುದು ಶೋಕಿಯಲ್ಲ, ಹಳೇ ಬಾಕಿ ವಸೂಲಿ.

15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಫರೀದಾಬಾದ್ ಸೇರಿದ ದಿಲ್ಲಿ ಸೀಮೆಯಲ್ಲಿದ್ದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತವರಲ್ಲೇ ಕಷ್ಟಕ್ಕೆ ಸಿಕ್ಕ ಈ ಗಾಡಿಯನ್ನು ಬೆಂಗಳೂರಿನವರು ಇನ್ನೂ ಮುದ್ದು ಮಾಡುತ್ತಾರೆ.