ಕ್ಯಾಬಿನೆಟ್‌ಗೊಂದು ವೋಲ್ಟ್ ಮೀಟರ್

ಕಂಪ್ಯೂಟರ್ ಕ್ಯಾಬಿನೆಟ್‌ನ ಮುಖದ ಮೇಲೆ ಕೂರಿಸುವ ಪುಟ್ಟ ವೋಲ್ಟ್ ಮೀಟರ್ ಅಳೆಯುವುದು ಮುಖ್ಯವಾಗಿ ಮೂರು ಲೈನುಗಳನ್ನು: 12, 5 ಮತ್ತು 3.3 ವೋಲ್ಟ್. ಮೂರೂ ಡಿಸಿ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾದರಿಯಲ್ಲಿ ಹಳದಿ ವೈರು 12 ವೋಲ್ಟಿನದು, ಕೆಂಪು 5ರದು, ಕಿತ್ತಳೆ 3.3ರದು, ಕಪ್ಪು ಎಲ್ಲಕ್ಕೂ ಗ್ರೌಂಡ್. ಈಚೆಗೆ ಎಲ್ಲ ವೈರೂ ಕಪ್ಪಾಗಿರುವ ಪವರ್ ಸಪ್ಲೈಗಳೇ ಹೆಚ್ಚು. ಅಂಥದ್ದರಲ್ಲಿ ಬಣ್ಣ ನೋಡದೆ ಪಿನ್ ಎಣಿಸಿ, ಮಲ್ಟಿಮೀಟರ್ ಹಿಡಿದು ಖಚಿತಪಡಿಸಿಕೊಳ್ಳಬೇಕು. ಈ ಮೂರು ಲೈನುಗಳೂ ಶೇ 5ರಷ್ಟು ಮಾತ್ರ ಆಚೀಚೆ ಹೋಗಬಹುದು. ಅಂದರೆ 12ರದು 11.40ಕ್ಕಿಂತ ಇಳಿಯಬಾರದು, 12.60 ದಾಟಬಾರದು. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಈಗ ಹೆಚ್ಚಿನ ಕರೆಂಟನ್ನು 12 ವೋಲ್ಟಿನಿಂದಲೇ ಎಳೆಯುವುದರಿಂದ, ಒಂದೇ ಮೀಟರಿಗೆ ಜಾಗವಿದ್ದರೆ ಅದು ಹಳದಿ ವೈರಿಗೇ ಸಲ್ಲಬೇಕು.

ಚೆಲುವಿನಲ್ಲಿ ಮುಳ್ಳಿನ ಮೀಟರಿಗೆ ಸಾಟಿಯಿಲ್ಲ. ಆದರೆ ಅಂಗಡಿಯಿಂದ ತಂದ 0–15 ವೋಲ್ಟಿನ ಮೀಟರನ್ನು ಹಾಗೇ ಜೋಡಿಸಿದರೆ ಅದು ಬರೀ ಅಲಂಕಾರ. ಅಗ್ಗದ ಮೀಟರುಗಳ ಡಯಲ್ ಮೇಲೆ ಸಾಮಾನ್ಯವಾಗಿ 2.5 ಎಂಬ ದರ್ಜೆ ಅಚ್ಚಾಗಿರುತ್ತದೆ. ಪೂರ್ಣ ಅಳತೆಯ ಶೇ 2.5ರಷ್ಟು ತಪ್ಪು ತೋರಿಸಬಹುದೆಂದು ಅದರರ್ಥ. 15 ವೋಲ್ಟಿಗೆ ಅದು 0.375 ವೋಲ್ಟ್. ಎಟಿಎಕ್ಸ್ ಕೊಟ್ಟಿರುವ ಸಲಿಗೆಯೇ 0.6 ವೋಲ್ಟ್ ಇರುವಾಗ ಇಂಥ ಮುಳ್ಳಿನ ಮಾತನ್ನು ಎಷ್ಟು ನಂಬುವುದು? ಪರಿಹಾರ ಹಳೆಯದೇ. 0–5 ವೋಲ್ಟಿನ ಮೀಟರಿನ ಜೊತೆ ಸರಣಿಯಲ್ಲಿ 10 ವೋಲ್ಟಿನ ಝೀನರ್ ಡಯೋಡ್ ಹಾಕಿದರೆ ಡಯಲ್ 10ರಿಂದ 15ರವರೆಗೆ ಓದುತ್ತದೆ, ಅರ್ಧ ವೋಲ್ಟ್ ಇಳಿದರೂ ಮುಳ್ಳು ಎದ್ದು ಕಾಣುವಷ್ಟು ಸರಿಯುತ್ತದೆ. ಮೀಟರ್ ಎಳೆಯುವ ಒಂದೆರಡು ಮಿಲಿಆಂಪಿನಲ್ಲಿ ಝೀನರ್ ಸ್ಥಿರವಾಗಿ ನಿಲ್ಲುವುದಿಲ್ಲ. ಹಾಗಾಗಿ ಮೀಟರಿಗೆ ಅಡ್ಡಲಾಗಿ 390 ಓಮ್ಸ್ ರೆಸಿಸ್ಟರ್ ಕೊಟ್ಟು, 12 ವೋಲ್ಟಿನಲ್ಲಿ ಇನ್ನೂ ಐದು ಮಿಲಿಆಂಪ್ ಹೆಚ್ಚು ಹರಿಯುವಂತೆ ಮಾಡಬೇಕು. ಆಮೇಲೆ ಒಳ್ಳೆಯ ಮಲ್ಟಿಮೀಟರ್ ಪಕ್ಕದಲ್ಲಿಟ್ಟು ಹೊಸ ಡಯಲ್ ಬರೆದುಕೊಳ್ಳಬೇಕು. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಎಲ್‌ಇಡಿ ಅಂಕಿಯ ಡಿಜಿಟಲ್ ಮೀಟರಿಗೆ ಇಷ್ಟು ರಗಳೆಯಿಲ್ಲ. ಎರಡು ವೈರಿನದು ತಾನು ಅಳೆಯುವ ಲೈನಿನಿಂದಲೇ ಕರೆಂಟ್ ಪಡೆಯುತ್ತದೆ, 3.3 ವೋಲ್ಟಿನಲ್ಲಿ ಮಂಕಾಗಬಹುದು, ಉರಿಯದೆಯೂ ಇರಬಹುದು. ಮೂರು ವೈರಿನದನ್ನು ಕೊಳ್ಳುವುದೇ ಲೇಸು. ಲೈನಿನ ಮೇಲಿನ ಕ್ಷಣಮಾತ್ರದ ಏರಿಳಿತ ಎರಡು ಬಗೆಯ ಮೀಟರಿನಲ್ಲೂ ಕಾಣದು. ಅದಕ್ಕೆ ಆಸಿಲೋಸ್ಕೋಪೇ ಬೇಕು.

ತಗಡು ಕೊರೆಯುವ ಮೊದಲು ಮದರ್‌ಬೋರ್ಡ್ ಹೊರಗೆ ತೆಗೆದಿಡಬೇಕು. ಕಬ್ಬಿಣದ ಒಂದು ಚೂರು ಒಳಗೆ ಉಳಿದರೂ ಶಾರ್ಟ್ ಆಗಬಹುದು. ತೂತಿನ ಅಂಚು ಮುಚ್ಚಲು ಮೀಟರಿನ ಜೊತೆ ಬರುವ ಪ್ಲಾಸ್ಟಿಕ್ ಚೌಕಟ್ಟೇ ಸಾಕು. ಆದರೂ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಮಂಡ್ಯ ಜಿಲ್ಲೆಯ ನಾಗಮಂಗಲ ಹತ್ತಿರದಲ್ಲೇ ಇರುವಾಗ ಒಂದು ಹಿತ್ತಾಳೆ ಬಳೆ ಮಾಡಿಸದಿರುವುದು ಅರಸಿಕತನ.

ವೈರನ್ನು ಎಲ್ಲಿಂದ ಎಳೆದುಕೊಳ್ಳಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಕೈಗೆ ಸಿಕ್ಕ ಖಾಲಿ ಕನೆಕ್ಟರಿಗೆ ಮೀಟರ್ ಚುಚ್ಚಿದರೆ ಅದು ಸಪ್ಲೈ ಹೊರಡಿಸಿದ ವೋಲ್ಟೇಜನ್ನು ಹೇಳುತ್ತದೆಯೇ ಹೊರತು ಕಾರ್ಡಿಗೆ ತಲುಪಿದ್ದನ್ನಲ್ಲ. 18 ಗೇಜಿನ ತಾಮ್ರದ ವೈರಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.021 ಓಮ್ ರೋಧ. ಹೋಗಿಬರುವ ದಾರಿ ಸೇರಿ ಒಂದು ಮೀಟರ್ ವೈರಿನಲ್ಲಿ 5 ಆಂಪ್ ಹರಿದರೆ 0.1 ವೋಲ್ಟ್ ಅಲ್ಲೇ ಕರಗುತ್ತದೆ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಪಕ್ಕದ ಮನೆಯಲ್ಲಿ ಬಲ್ಬು ಜಗ್ಗೆಂದು ಉರಿಯುವಾಗ ಲೈನಿನ ಕೊನೆಯ ತೋಟದ ಮೋಟರು ಗೊಣಗುವುದೂ ಇದೇ ಲೆಕ್ಕದಲ್ಲಿ. ಆದ್ದರಿಂದ ಭಾರ ಹೊತ್ತ ಕನೆಕ್ಟರಿನ ತುದಿಯಿಂದಲೇ ಮೀಟರಿನ ವೈರು ಹೊರಡಬೇಕು, ಹೊರಡುವಲ್ಲೇ ಒಂದು ಸಣ್ಣ ಫ್ಯೂಸ್ ಇರಬೇಕು. ಪವರ್ ಸಪ್ಲೈ ಡಬ್ಬಿಯನ್ನಂತೂ ಬಿಚ್ಚಲೇಬಾರದು. ಒಳಗಿನ ಕೆಪಾಸಿಟರುಗಳಲ್ಲಿ 325 ವೋಲ್ಟ್, ಕೆಲವದರಲ್ಲಿ ಅದಕ್ಕೂ ಹೆಚ್ಚು, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು.

ಇಷ್ಟೆಲ್ಲ ಮಾಡಿಯೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯ ಹಳ್ಳಿಮನೆಯಲ್ಲಿ ಈ ಮೀಟರ್ ಬಹುಪಾಲು 12ರ ಆಸುಪಾಸಿನಲ್ಲೇ ನಿಂತಿರುತ್ತದೆ. 100ರಿಂದ 240 ವೋಲ್ಟ್‌ವರೆಗೆ ನಡೆಯುವ ಇಂದಿನ ಸಪ್ಲೈ, ಗೋಡೆಯ 230 ವೋಲ್ಟ್ 170ಕ್ಕೆ ಇಳಿದರೂ ಹೊರಗಿನ 12ನ್ನು ಕದಲಗೊಡುವುದಿಲ್ಲ. ನಿಜಕ್ಕೂ ಅಲ್ಲಾಡುವುದು ಗೋಡೆಯ ಕಡೆಯ ಮುಳ್ಳು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರ ಇದೇ ಮಂಡ್ಯ ಜಿಲ್ಲೆಯದಾದರೂ, ತ್ರೀ ಫೇಸ್ ಬಂದೊಡನೆ ಕೊಳವೆಬಾವಿಯ ಪಂಪ್‌ಸೆಟ್ಟು, ಆಲೆಮನೆಯ ಗಾಣ ಒಟ್ಟಿಗೇ ಶುರುವಾದರೆ ಅದೇ ಟಿ.ಸಿ.ಯ ಮನೆಗಳಲ್ಲಿ ದೀಪ ಡಿಮ್ ಆಗುತ್ತದೆ. ನಿರಂತರ ಜ್ಯೋತಿ ಯೋಜನೆಯಡಿ ಪಂಪ್‌ಸೆಟ್ಟಿಗೂ ಮನೆಗೂ ಬೇರೆ ಬೇರೆ ಫೀಡರ್ ಎಳೆದ ಊರುಗಳಲ್ಲಿ ಈ ಕಾಟ ಕಡಿಮೆ. ಸ್ಟಾರ್ಟರ್ ಬೋರ್ಡಿನ ಮುಳ್ಳು ನೋಡಿಯೇ ಮೋಟರ್ ಹಾಕುವ ರೈತನಿಗೆ ಎಸಿ ಮೀಟರಿನ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಗೋಡೆಯ ವೋಲ್ಟೇಜ್ ಅಳೆಯುವ ಈ ಎರಡನೆಯ ಮೀಟರಿಗೆ 0–300 ವೋಲ್ಟಿನ ಮೂವಿಂಗ್ ಐರನ್ ಬಗೆ ಸೂಕ್ತ. ಅದರ ಡಯಲಿನಲ್ಲಿ ಕೆಳಗಿನ ಅಂಕಿಗಳು ಒತ್ತೊತ್ತಾಗಿರುತ್ತವೆ, 200ರ ಸುತ್ತ ಬಿಡಿಸಿಕೊಂಡಿರುತ್ತವೆ, ಬೇಕಾದ್ದೂ ಅಲ್ಲೇ. ಇದನ್ನು ಮಾತ್ರ ಕ್ಯಾಬಿನೆಟ್ಟಿನೊಳಗೆ ಕೂರಿಸಬಾರದು. ಅಲ್ಲಿ 230 ವೋಲ್ಟ್ ಎಳೆದಾಡುವುದು ಅಪಾಯ. ಜೊತೆಗೆ ನಡುವೆ ಯುಪಿಎಸ್ ಅಥವಾ ಸ್ಟೆಬಿಲೈಜರ್ ಇದ್ದರೆ ಮೀಟರ್ ಅದರ ಔಟ್‌ಪುಟ್ಟನ್ನು ತೋರಿಸುತ್ತದೆ, ಲೈನಿನದನ್ನಲ್ಲ. ಗೋಡೆಯ ಸಾಕೆಟ್ ಮತ್ತು ಯುಪಿಎಸ್ ನಡುವೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಫೇಸ್ ವೈರಿಗೆ ಫ್ಯೂಸ್ ಕೊಟ್ಟು, ಅರ್ತಿಂಗ್ ತುಂಡಾಗದಂತೆ ಮುಂದಕ್ಕೆ ಒಯ್ದು ಜೋಡಿಸಬೇಕು.